ಬಾಗಲಕೋಟೆ ಕಲಿಸಿದ್ದು, ಶಾಲೆ ಕಲಿಯಬೇಕಾದದ್ದು



ಮಕ್ಕಳ ಆರೋಗ್ಯದ ಬಗ್ಗೆ ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಆಶಯ. ರಕ್ತಹೀನತೆ, ಅಪೌಷ್ಟಿಕತೆ, ಹಲ್ಲು, ಕಣ್ಣು ಇವುಗಳ ಮೇಲೆ ಇಲ್ಲಿ ಒಳ್ಳೆಯ ಮಾತುಗಳು ಆಗಿಹೋಗಿವೆ. ನಾನು ಆರಿಸಿಕೊಂಡಿರುವುದು ಲೈಂಗಿಕ ಆರೋಗ್ಯದ ಶಿಕ್ಷಣ ಮತ್ತು ಎಚ್‌ಐವಿ ತಡೆ. ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವೆ ಮಾಡಿ ನಿವೃತ್ತಳಾದ ವೈದ್ಯೆ ನಾನು. ವೃತ್ತಿಯ ಬಹುಭಾಗ ಈ ಸೋಂಕಿನ ಎದುರೇ ಕಳೆಯಿತು. ಈ ರಾಜ್ಯದಲ್ಲಿ ಎಚ್‌ಐವಿ ಇಳಿದದ್ದು, ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿದ್ದವರನ್ನು ನಂಬಿ ಅವರ ಕೈಗೆ ಪೂರ್ತಿ ತಿಳಿವಳಿಕೆ ಕೊಟ್ಟ ಮೇಲೆ. ಅದೇ ನಂಬಿಕೆಯನ್ನು ನಾವು ನಮ್ಮ ಶಾಲೆಯ ಮಕ್ಕಳ ಮೇಲೆ ಇನ್ನೂ ಇಟ್ಟಿಲ್ಲ. ಇವತ್ತು ನನ್ನ ಮಾತೆಲ್ಲ ಈ ಕೊರತೆಯ ಸುತ್ತಲೇ.

2003ರಲ್ಲಿ ಬಾಗಲಕೋಟೆ ಜಿಲ್ಲೆಯ ಹಳ್ಳಿ, ಪಟ್ಟಣಗಳಲ್ಲಿ ಸಾಮಾನ್ಯ ಕುಟುಂಬಗಳ ವಯಸ್ಕರ ನಡುವೆ ಒಂದು ಸಮೀಕ್ಷೆ ನಡೆಯಿತು. ಪರೀಕ್ಷೆಗೆ ಒಪ್ಪಿದವರಲ್ಲಿ ಶೇ. 2.9ರಷ್ಟು ಮಂದಿಗೆ ಎಚ್‌ಐವಿ ಇತ್ತು. ನೂರು ಜನರಲ್ಲಿ ಹತ್ತಿರ ಹತ್ತಿರ ಮೂವರು. ಅದಕ್ಕಿಂತ ಬೆಚ್ಚಿಬೀಳಿಸಿದ ಸಂಗತಿ, ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಸೋಂಕು ಹೆಚ್ಚಾಗಿದ್ದದ್ದು. ಅದುವರೆಗೆ ನಾವೆಲ್ಲ ಇದನ್ನು ಮುಂಬಯಿಯ ರೋಗ, ಲಾರಿ ಚಾಲಕರ ರೋಗ, ಹೆದ್ದಾರಿಯ ರೋಗ ಎಂದುಕೊಂಡಿದ್ದೆವು. ಜೋಳ, ಕಬ್ಬು ಬೆಳೆಯುವ, ಜಾತ್ರೆ ಮಾಡುವ, ಮಗಳನ್ನು ಪಕ್ಕದ ಊರಿಗೇ ಕೊಡುವ ಹಳ್ಳಿಗಳಿಗೂ ಅದು ಬಂದು ಕುಳಿತಿತ್ತು.

ಕಾರಣಗಳನ್ನು ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ದುಡಿಯಲು ಗೋವಾ, ಸಾಂಗಲಿ, ಪುಣೆಗಳಿಗೆ ಹೋಗಿ ಬರುವ ಗಂಡಸರು. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು, ಹದಿನೈದು ಹದಿನಾರಕ್ಕೇ ದಂಧೆಗೆ ನೂಕಲ್ಪಟ್ಟ ದಲಿತ ಕೇರಿಯ ಹೆಣ್ಣುಮಕ್ಕಳು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನನ್ನು ಕರ್ನಾಟಕ 1982ರಲ್ಲೇ ಮಾಡಿತ್ತು. ಕಾನೂನು ಬಂದ ಮೇಲೂ ಸಮರ್ಪಣೆ ಗುಟ್ಟಾಗಿ ನಡೆಯುತ್ತಲೇ ಇತ್ತು. ಈ ಹೆಣ್ಣುಮಕ್ಕಳಿಗಿಂತ ಹೆಚ್ಚು ಸಂಖ್ಯೆಯಲ್ಲಿ, ಯಾವ ಪಟ್ಟಿಯಲ್ಲೂ ಸೇರದ ಗೃಹಿಣಿಯರು ಇದ್ದರು. ಗಂಡ ತಂದ ಸೋಂಕು ಅವರಿಗೆ ತಿಳಿಯುತ್ತಿದ್ದದ್ದು ಚೊಚ್ಚಲ ಬಸಿರಿನ ತಪಾಸಣೆಯಲ್ಲಿ. ಮೊದಲು ರಕ್ತ ಕೊಟ್ಟವಳು ಅವಳಾದ್ದರಿಂದ ಮನೆಯಲ್ಲಿ ಮೊದಲು ಅಪರಾಧಿಯಾದವಳೂ ಅವಳೇ. ಇಂಥ ಎಷ್ಟೋ ಸೊಸೆಯಂದಿರನ್ನು ನಾನು ನೋಡಿದೆ. ಬಹಳ ಮಂದಿಗೆ ಎಸ್ಸೆಸ್ಸೆಲ್ಸಿಯೂ ಆಗಿರಲಿಲ್ಲ. ಕೆಲವರಿಗೆ ಆಗಿತ್ತು. ಈ ವಿಷಯದ ಮಟ್ಟಿಗೆ ಎರಡೂ ಬಗೆಯವರ ತಿಳಿವಳಿಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಈ ಮಾತನ್ನು ಶಿಕ್ಷಕರು ದಯವಿಟ್ಟು ಗಮನಿಸಬೇಕು.

ದೇಶದ ಮಟ್ಟಿಗೆ ಈ ಕಥೆ ಶುರುವಾದದ್ದು ಮದರಾಸಿನಲ್ಲಿ. 1986ರಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವೈದ್ಯ ವಿದ್ಯಾರ್ಥಿನಿ, ಸರ್ಕಾರಿ ವಸತಿಯೊಂದರಲ್ಲಿ ಕೂಡಿಹಾಕಿದ್ದ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿಗಳನ್ನು ಸಂಗ್ರಹಿಸಿ ವೆಲ್ಲೂರಿನಲ್ಲಿ ಪರೀಕ್ಷಿಸಿದರು. ಭಾರತದಲ್ಲಿ ಎಚ್‌ಐವಿ ಇದೆಯೆಂದು ಖಚಿತವಾದದ್ದು ಆಗ. ದೇಶಕ್ಕೆ ಎಚ್ಚರಿಕೆ ಸಿಕ್ಕಿದ್ದು ಆ ಹೆಂಗಸರ ರಕ್ತದಿಂದ. ದೇಶ ಪ್ರತಿಯಾಗಿ ಕೊಟ್ಟದ್ದು ಭಯವನ್ನು. ನೆರೆಯ ಗೋವಾದಲ್ಲಿ 1989ರಲ್ಲಿ ಡೊಮಿನಿಕ್ ಡಿಸೋಜಾ ಎಂಬ ಯುವಕ ರಕ್ತದಾನ ಮಾಡಿದಾಗ ಸೋಂಕು ಪತ್ತೆಯಾಗಿ, ಪೊಲೀಸರು ಕರೆದೊಯ್ದು ಕ್ಷಯರೋಗದ ಹಳೆಯ ಕಟ್ಟಡದಲ್ಲಿ 64 ದಿನ ಒಂಟಿಯಾಗಿ ಇರಿಸಿದರು. ಅದಕ್ಕೆ ಅಲ್ಲಿನ ಕಾನೂನಿನ ಬೆಂಬಲವೇ ಇತ್ತು. ಆ ಕಾಲದ ನಮ್ಮ ಭಿತ್ತಿಪತ್ರಗಳನ್ನು ನೆನಪಿಸಿಕೊಳ್ಳಿ: ತಲೆಬುರುಡೆ, ಕಪ್ಪು ಬಣ್ಣ, ‘ಏಡ್ಸ್ ಅಂದರೆ ಸಾವು’. ಅದನ್ನು ಓದಿದ ಮನುಷ್ಯ ಪರೀಕ್ಷೆಗೆ ಬರಲಿಲ್ಲ, ದೂರ ಸರಿದ. ಸಾಯುವುದೇ ಖಚಿತವಾದರೆ ತಿಳಿದುಕೊಂಡು ಮಾಡುವುದೇನು?

ಪರಿಸ್ಥಿತಿ ತಿರುಗಿದ್ದು ಸಂಘಗಳಿಂದ. ಸಾಂಗಲಿಯಲ್ಲಿ ಮೀನಾ ಸೇಶು ಅವರ ಸಂಗ್ರಾಮ್ ಸಂಸ್ಥೆಯ ಜೊತೆ ಲೈಂಗಿಕ ಕಾರ್ಯಕರ್ತೆಯರೇ 1996ರಲ್ಲಿ ವ್ಯಾಂಪ್ ಎಂಬ ತಮ್ಮ ಪರಿಷತ್ತನ್ನು ಕಟ್ಟಿಕೊಂಡರು. ಅದರ ಕೆಲಸ ಗಡಿ ದಾಟಿ ನಿಪ್ಪಾಣಿಗೂ ಬಂತು. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಚೈತನ್ಯ ಸಂಘ, ಮೈಸೂರಿನಲ್ಲಿ ಆಶೋದಯ ಸಮಿತಿ ಇಂಥವೇ. 2003ರ ನಂತರ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯ ಹಣ ಬಂತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಜಿಲ್ಲೆ ಜಿಲ್ಲೆಗಳಲ್ಲಿ ಕೆಲಸ ಹಂಚಿಕೊಂಡವು. ಹಣ ಮುಖ್ಯವಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಣ ಬಂದ ಎಷ್ಟೋ ಯೋಜನೆಗಳು ಫಲಕ ಹಾಕಿಸಿಕೊಂಡು ಹೋದದ್ದನ್ನೂ ನಾವು ನೋಡಿದ್ದೇವೆ. ಇಲ್ಲಿ ಬೇರೆಯಾದದ್ದು, ಪಾಠ ಹೇಳುವವಳು ಅದೇ ದಂಧೆಯಲ್ಲಿದ್ದ ಗೆಳತಿಯಾಗಿದ್ದಳು.

ಅಂಥ ಒಬ್ಬ ಗೆಳತಿಗೆ ಐವತ್ತು ಅರವತ್ತು ಹೆಂಗಸರ ಹೊಣೆ. ಯಾರು ಎಲ್ಲಿ ಸಿಗುತ್ತಾರೆ, ಬಸ್‌ಸ್ಟ್ಯಾಂಡಿನಲ್ಲೋ ಹೊಲದ ಬದಿಯಲ್ಲೋ ಮನೆಯಲ್ಲೋ, ಅವಳಿಗೆ ಗೊತ್ತು. ಮರದ ಮಾದರಿಯ ಮೇಲೆ ಕಾಂಡೋಮ್ ಹಾಕುವುದನ್ನು ತೋರಿಸುತ್ತಿದ್ದಳು. ಪಾಠ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಕುಡಿದು ಬಂದವನಿಗೆ ಹೇಗೆ ಹೇಳುವುದು, ಹೆಚ್ಚು ದುಡ್ಡು ಕೊಡುತ್ತೇನೆ ಕಾಂಡೋಮ್ ಬೇಡ ಎಂದವನನ್ನು ಹೇಗೆ ನಿಭಾಯಿಸುವುದು, ಪೊಲೀಸರು ಕೈಚೀಲದಲ್ಲಿನ ಕಾಂಡೋಮನ್ನೇ ಸಾಕ್ಷಿ ಮಾಡಿದರೆ ಯಾರಿಗೆ ಫೋನ್ ಹಚ್ಚುವುದು, ಬಿಳಿಮುಟ್ಟಿನಿಂದ ಕೆಟ್ಟ ವಾಸನೆ ಬಂದರೆ ಯಾವ ಕ್ಲಿನಿಕ್ಕಿಗೆ ಹೋಗುವುದು, ಎಲ್ಲವೂ ಆ ಪಾಠದೊಳಗೇ ಇತ್ತು. ರಾತ್ರಿ ಯಾರನ್ನಾದರೂ ಹೊಡೆದರೆ ಸಂಘದವರು ಠಾಣೆಗೆ ಹೋಗಿ ನಿಲ್ಲುತ್ತಿದ್ದರು. ಮೈಸೂರಿನಲ್ಲಿ 2004 ಮತ್ತು 2006ರಲ್ಲಿ ನಡೆದ ಎರಡು ಸಮೀಕ್ಷೆಗಳನ್ನು ಹೋಲಿಸಿ ನೋಡಿದಾಗ ಲೈಂಗಿಕ ಕಾರ್ಯಕರ್ತೆಯರಲ್ಲಿ ಸಿಫಿಲಿಸ್ ಶೇ. 25ರಿಂದ ಶೇ. 12ಕ್ಕೆ ಇಳಿದಿತ್ತು. ಶೇ. 26ರ ಸುಮಾರಿನಲ್ಲಿದ್ದ ಎಚ್‌ಐವಿ ಏರದೆ ನಿಂತಿತ್ತು. ಎರಡೇ ವರ್ಷದಲ್ಲಿ ಇಷ್ಟಾಗುವುದನ್ನು ನನ್ನ ವೈದ್ಯಕೀಯ ಪುಸ್ತಕಗಳು ನನಗೆ ಹೇಳಿಕೊಟ್ಟಿರಲಿಲ್ಲ.

ತಡೆಯ ಜೊತೆಗೆ ಚಿಕಿತ್ಸೆಯೂ ಬಂತು. 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳು ಉಚಿತವಾಗಿ ಸಿಗತೊಡಗಿದವು. 2017ರಿಂದ ಸೋಂಕು ಪತ್ತೆಯಾದ ಕೂಡಲೇ ಚಿಕಿತ್ಸೆ ಶುರುಮಾಡುವ ನೀತಿ ಬಂತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2023ರ ಅಂದಾಜಿನಂತೆ ದೇಶದ ವಯಸ್ಕರಲ್ಲಿ ಸೋಂಕಿನ ಪ್ರಮಾಣ ಶೇ. 0.2. 2010ಕ್ಕೆ ಹೋಲಿಸಿದರೆ ಹೊಸ ಸೋಂಕುಗಳು ಶೇ. 44ರಷ್ಟು ಇಳಿದಿವೆ. ಸಂತೋಷದ ಸುದ್ದಿ. ಆದರೂ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಸೋಂಕಿನೊಂದಿಗೆ ಬದುಕುತ್ತಿದ್ದಾರೆ. ಅವರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶದ ನಂತರ ನಿಲ್ಲುವುದು ನಮ್ಮ ಕರ್ನಾಟಕ. ಪ್ರತಿ ವರ್ಷ ಹೊಸದಾಗಿ ಹದಿನೈದು ದಾಟುವ ಮಕ್ಕಳಿಗೆ ಮುಧೋಳದ ಆ ಹೆಂಗಸರು ಕಲಿತದ್ದು ತಾನಾಗಿಯೇ ಬಂದುಬಿಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇದ್ದವರು ಹೆಂಗಸರಲ್ಲಿ ಶೇ. 22ರಷ್ಟು, ಗಂಡಸರಲ್ಲಿ ಶೇ. 31ರಷ್ಟು ಮಾತ್ರ. ಅದರ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇದೇ ಸ್ಥಿತಿ. ಸೋಂಕು ಇಳಿಯಿತು, ತಿಳಿವಳಿಕೆ ಏರಲಿಲ್ಲ. ನಾನು ನಿಮ್ಮ ಮುಂದೆ ಬಂದು ನಿಂತಿರುವುದಕ್ಕೆ ಇದೇ ಕಾರಣ.

ಈಗ ಶಾಲೆಯ ಮಾತು.

ಈ ವಿಷಯ ಮಾತಾಡುವುದು ನಮ್ಮ ನಾಡಿನ ಸಂಸ್ಕಾರವಲ್ಲ ಎನ್ನುವವರಿಗೆ ಎರಡು ಸಂಗತಿ ನೆನಪಿಸುತ್ತೇನೆ. 1930ರಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಿತು. ಸರ್ಕಾರವೊಂದು ತಾನೇ ಮುಂದೆ ನಿಂತು ಅಂಥ ಕೆಲಸ ಮಾಡಿದ್ದು ಜಗತ್ತಿನಲ್ಲೇ ಮೊದಲ ಸಲ ಎನ್ನುತ್ತಾರೆ. ಇನ್ನೊಂದು, ನನ್ನ ತಲೆಮಾರಿನ ಹೆಣ್ಣುಮಕ್ಕಳು ತಮ್ಮ ದೇಹದ ಬಗ್ಗೆ ಮೊದಲು ಓದಿದ್ದು ಡಾ. ಅನುಪಮಾ ನಿರಂಜನರ ಪುಸ್ತಕಗಳಲ್ಲಿ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳನ್ನು ಮದುವೆಯ ಉಡುಗೊರೆಯಾಗಿ ಕೊಡುತ್ತಿದ್ದರು. ಸಂಕೋಚವಿಲ್ಲದೆ, ಅಶ್ಲೀಲವಾಗದೆ ಈ ವಿಷಯವನ್ನು ಹೇಳಬಲ್ಲ ಕನ್ನಡ ನಮ್ಮ ಬಳಿ ಅರ್ಧ ಶತಮಾನದಿಂದ ಇದೆ. ಅದು ಶಾಲೆಯ ಗೇಟಿನ ಹೊರಗೇ ಉಳಿದದ್ದು ನಮ್ಮ ಆಯ್ಕೆ.

2005ರಲ್ಲಿ ಕೇಂದ್ರ ಸರ್ಕಾರ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಶಿಕ್ಷಕರಿಗೆ ತರಬೇತಿ, ಕೈಪಿಡಿ, ಚಿತ್ರಪಟಗಳು ಬಂದವು. 2007ರಲ್ಲಿ ಆ ಚಿತ್ರಪಟಗಳು ಅಶ್ಲೀಲವೆಂಬ ಗದ್ದಲ ಎದ್ದು ಹಲವು ರಾಜ್ಯಗಳು ಕಾರ್ಯಕ್ರಮವನ್ನು ನಿಲ್ಲಿಸಿದವು. ಕರ್ನಾಟಕವೂ ಆ ಸಾಲಿನಲ್ಲಿತ್ತು. ಅದೇ 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿ ಒಂದು ವರದಿ ಹೊರತಂದಿತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೇವೆ ಎಂದವರು ಶೇ. 53ರಷ್ಟು ಮಕ್ಕಳು. ಅವರಲ್ಲಿ ಹುಡುಗರೂ ಹುಡುಗಿಯರಷ್ಟೇ ಇದ್ದರು. ಒಂದು ಕಡೆ ಮಕ್ಕಳು ತಮ್ಮ ಮೇಲೆ ಆದದ್ದನ್ನು ಹೇಳುತ್ತಿದ್ದರು, ಇನ್ನೊಂದು ಕಡೆ ಅದನ್ನು ಹೇಳಲು ಬೇಕಾದ ಮಾತುಗಳನ್ನು ಕಲಿಸುವ ಪುಸ್ತಕವನ್ನು ನಾವು ಕಪಾಟಿನೊಳಗಿಟ್ಟು ಬೀಗ ಹಾಕುತ್ತಿದ್ದೆವು. ಆ ಚಿತ್ರಗಳಲ್ಲಿ ಕೆಲವು ನಮ್ಮ ಹಳ್ಳಿಯ ತರಗತಿಗೆ ಒಗ್ಗುವಂತಿರಲಿಲ್ಲ, ಒಪ್ಪುತ್ತೇನೆ. ಚಿತ್ರ ಸರಿಯಿಲ್ಲದಿದ್ದರೆ ಬೇರೆ ಚಿತ್ರ ಬರೆಸಬೇಕಿತ್ತು. ಗಣಿತದ ಪುಸ್ತಕದಲ್ಲಿ ತಪ್ಪು ಸಿಕ್ಕಿದರೆ ನಾವು ಗಣಿತ ಬಿಡುತ್ತೇವೆಯೆ?

2009ರಲ್ಲಿ ರಾಜ್ಯಸಭೆಯ ಅರ್ಜಿಗಳ ಸಮಿತಿ ತನ್ನ ವರದಿ ಕೊಟ್ಟಿತು. ಅಧ್ಯಕ್ಷರಾಗಿದ್ದ ವೆಂಕಯ್ಯ ನಾಯ್ಡು ಅವರು ಆಗ ಕರ್ನಾಟಕದಿಂದಲೇ ಆಯ್ಕೆಯಾಗಿದ್ದ ಸದಸ್ಯರು. ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡ, ಇಂಥ ವಿಷಯಗಳಿರಬೇಕಾದರೆ ಪಿಯುಸಿ ಹಂತದ ಜೀವಶಾಸ್ತ್ರದಲ್ಲಿರಲಿ ಎಂಬುದು ಆ ವರದಿಯ ಸಾರ. ಹಿರಿಯರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಈ ಶಿಫಾರಸನ್ನು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಗೆ ತಂದು ನೋಡಿ. ಏಳನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿಗೆ ಈ ಪಾಠ ಸಿಗುವುದಿಲ್ಲ. ಹತ್ತರಲ್ಲಿ ನಪಾಸಾಗಿ ಇಟ್ಟಿಗೆ ಭಟ್ಟಿಗೆ ಹೋದ ಹುಡುಗನಿಗೆ ಸಿಗುವುದಿಲ್ಲ. ಪಿಯುಸಿಯಲ್ಲಿ ಕಲಾ ವಿಭಾಗ, ವಾಣಿಜ್ಯ ವಿಭಾಗ ತೆಗೆದುಕೊಂಡವರಿಗೂ ಸಿಗುವುದಿಲ್ಲ. ಸಿಗುವುದು ವಿಜ್ಞಾನ ಓದುವ, ಡಾಕ್ಟರೋ ಎಂಜಿನಿಯರೋ ಆಗುವ ಕೆಲವರಿಗೆ. ನಮ್ಮ ರಾಜ್ಯದಲ್ಲಿ ಇಪ್ಪತ್ತರಿಂದ ಇಪ್ಪತ್ನಾಲ್ಕು ವಯಸ್ಸಿನ ಹೆಂಗಸರಲ್ಲಿ ಶೇ. 21ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತೆಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅವರಿಗೆ ಪಿಯುಸಿಯ ಜೀವಶಾಸ್ತ್ರ ಬರುವ ಹೊತ್ತಿಗೆ ಕೈಯಲ್ಲಿ ಕೂಸು.

ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಲೈಂಗಿಕವಾಗಿ ಹರಡುವ ರೋಗಗಳು, ಎಚ್‌ಐವಿ, ಕಾಂಡೋಮ್, ಕಾಪರ್-ಟಿ ಎಲ್ಲದರ ಹೆಸರೂ ಅದರಲ್ಲಿದೆ. ಆ ಪಾಠ ಹೇಗೆ ನಡೆಯುತ್ತದೆಂದು ಇಲ್ಲಿ ಕುಳಿತವರಿಗೆ ನಾನು ಹೇಳಬೇಕಿಲ್ಲ. ಹೂವಿನ ಪರಾಗಸ್ಪರ್ಶವನ್ನು ಎರಡು ಪೀರಿಯಡ್ ವಿವರಿಸಿ, ಮನುಷ್ಯರ ಭಾಗ ಬಂದಾಗ ‘ಇದನ್ನ ಮನ್ಯಾಗ ಓದ್ಕೊಂಡು ಬರ್ರಿ’ ಎಂದು ಪುಟ ತಿರುಗಿಸುತ್ತಾರೆ. ಶಿಕ್ಷಕರನ್ನು ನಾನು ದೂಷಿಸುತ್ತಿಲ್ಲ. ಅವರಿಗೂ ಯಾರೂ ಕಲಿಸಿರಲಿಲ್ಲ. ಹೇಳಿದ ಮರುದಿನ ಊರಿನವರು ಬಂದು ಕೇಳಿದರೆ ಹಿಂದೆ ನಿಲ್ಲುವ ಮುಖ್ಯೋಪಾಧ್ಯಾಯರೂ ಇರುವುದಿಲ್ಲ.

ಶಾಲೆಗಳಿಗೆ ಮಾತಾಡಲು ಹೋದಾಗಲೆಲ್ಲ ನಾನು ಒಂದು ಪ್ರಶ್ನೆ ಪೆಟ್ಟಿಗೆ ಇಡಿಸುತ್ತಿದ್ದೆ. ಹೆಸರು ಬೇಡ, ಚೀಟಿಯಲ್ಲಿ ಏನಾದರೂ ಕೇಳಿ ಎನ್ನುತ್ತಿದ್ದೆ. ಆ ಚೀಟಿಗಳಲ್ಲಿ ಬಂದ ಪ್ರಶ್ನೆಗಳೇ ನನ್ನ ನಿಜವಾದ ಪಠ್ಯಕ್ರಮ. ‘ಮುಟ್ಟಾದಾಗ ಉಪ್ಪಿನಕಾಯಿ ಮುಟ್ಟಿದರ ಕೆಡ್ತದೇನ್ರಿ?’ ‘ಒಂದು ಹನಿ ವೀರ್ಯ ಅಂದ್ರ ನೂರು ಹನಿ ರಕ್ತ ಅಂತಾರ, ಖರೇ ಏನ್ರಿ?’ ‘ರಾತ್ರಿ ಚಡ್ಡಿ ಒದ್ದೆ ಆಗ್ತದ, ನನಗ ಏಡ್ಸ್ ಬಂದದೇನ್ರಿ?’ ‘ಸೊಳ್ಳೆ ಕಡಿದ್ರ ಬರ್ತದೇನ್ರಿ?’ ‘ಮುತ್ತು ಕೊಟ್ರ ಬಸುರಾಗ್ತಾರೇನ್ರಿ?’ ‘ನನ್ನ ಮಾವ ನನ್ನ ಮುಟ್ಟತಾನ, ಯಾರಿಗೆ ಹೇಳ್ಬೇಕ್ರಿ?’ ಕೊನೆಯ ಈ ಚೀಟಿ ಒಂದೇ ಶಾಲೆಯಲ್ಲಿ ಬಂದದ್ದಲ್ಲ. ಬಂದಾಗಲೆಲ್ಲ, ಈ ಮಗು ಪೆಟ್ಟಿಗೆ ಇಲ್ಲದ ದಿನಗಳಲ್ಲಿ ಏನು ಮಾಡುತ್ತಿತ್ತು ಎಂಬ ಯೋಚನೆ ನನ್ನನ್ನು ನಿದ್ದೆಗೆಡಿಸಿದೆ.

ಹುಡುಗರ ಮಾತನ್ನು ತುಸು ಹೆಚ್ಚು ಹೇಳುತ್ತೇನೆ, ಏಕೆಂದರೆ ಅವರನ್ನು ನಾವು ಮರೆತೇಬಿಟ್ಟಿದ್ದೇವೆ. ಹೆಣ್ಣುಮಕ್ಕಳಿಗೆ ತಡವಾಗಿಯಾದರೂ ಸರ್ಕಾರದ ಶುಚಿ ಯೋಜನೆಯ ಪ್ಯಾಡು ಬಂತು, ಅದರ ಜೊತೆ ಮುಟ್ಟಿನ ಬಗ್ಗೆ ನಾಲ್ಕು ಮಾತು ಬಂತು. ಹುಡುಗರನ್ನು ಆ ಹೊತ್ತಿಗೆ ಆಟದ ಮೈದಾನಕ್ಕೆ ಕಳಿಸುತ್ತೇವೆ. ಅವರಿಗೆ ಪಾಠ ಹೇಳುವವರು ಯಾರು? ರೈಲ್ವೆ ಹಳಿಯ ಪಕ್ಕದ ಗೋಡೆಬರಹ. ಬಸ್‌ಸ್ಟ್ಯಾಂಡಿನ ಶೌಚಾಲಯದಲ್ಲಿ ಅಂಟಿಸಿದ ಚೀಟಿ. ರಸ್ತೆ ಬದಿಯ ಡೇರೆಯಲ್ಲಿ ಬಾಟಲಿ ಜೋಡಿಸಿಕೊಂಡು ಕೂತ ‘ಗುಪ್ತರೋಗ ತಜ್ಞ’. ಈಗ ಇವರೆಲ್ಲರ ಜಾಗದಲ್ಲಿ ಮೊಬೈಲು. ಹಸ್ತಮೈಥುನದಿಂದ ಶಕ್ತಿ ಕುಂದುತ್ತದೆಂದು ಹೆದರಿ ಓದು ಬಿಟ್ಟ, ಮನೆಯ ಹಣ ಕದ್ದು ಅಂಥ ‘ತಜ್ಞ’ರಿಗೆ ಕೊಟ್ಟ ಹುಡುಗರು ನನ್ನ ಬಳಿ ಬಂದಿದ್ದಾರೆ. ಹಸ್ತಮೈಥುನದಿಂದ ಯಾವ ರೋಗವೂ ಬರುವುದಿಲ್ಲ, ಸ್ವಪ್ನಸ್ಖಲನ ಬೆಳವಣಿಗೆಯ ಸಹಜ ಭಾಗ ಎಂದು ಎಂಟನೆಯ ತರಗತಿಯಲ್ಲಿ ಒಬ್ಬ ಮೇಷ್ಟ್ರು ಎರಡು ನಿಮಿಷ ಹೇಳಿದ್ದರೆ ಆ ಮಗುವಿನ ವರ್ಷಗಳು ಉಳಿಯುತ್ತಿದ್ದವು. ಡಾ. ಸಿ. ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಕನ್ನಡದಲ್ಲಿ ಇದನ್ನು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಅದು ಹದಿಮೂರರ ಹುಡುಗನ ಕೈಗೆ ತಲುಪುವ ದಾರಿ ಶಾಲೆಯೇ. ಹೆಣ್ಣಿನ ‘ಬೇಡ’ ಎಂಬ ಮಾತನ್ನು ಗೌರವಿಸುವುದನ್ನೂ ಹುಡುಗರಿಗೆ ಆಗಲೇ ಕಲಿಸಬೇಕು. ತನ್ನ ದೇಹದ ಬಗ್ಗೆ ಸದಾ ಭಯದಲ್ಲಿರುವ ಹುಡುಗನಿಂದ ಇನ್ನೊಬ್ಬರ ದೇಹದ ಗೌರವ ನಿರೀಕ್ಷಿಸುವುದು ಕಷ್ಟ.

ಇದನ್ನೆಲ್ಲ ಹೇಳಿದರೆ ಮಕ್ಕಳು ಕೆಡುತ್ತಾರೆಂಬ ಭಯ ಪಾಲಕರದ್ದು. ಅದು ಪ್ರೀತಿಯಿಂದ ಬಂದ ಭಯ, ಹಗುರವಾಗಿ ಕಾಣಬಾರದು. ಆದರೆ ಯುನೆಸ್ಕೊ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ 2009ರಲ್ಲೂ 2018ರಲ್ಲೂ ಹೇಳಿದ್ದು ಒಂದೇ: ಇಂಥ ಶಿಕ್ಷಣದಿಂದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿಯುವುದಿಲ್ಲ. ಸರಿಯಾಗಿ ಕೊಟ್ಟ ಕಡೆ ತಡವಾಗಿ ಇಳಿಯುತ್ತಾರೆ, ಎಚ್ಚರದಿಂದಿರುತ್ತಾರೆ.

ಏನು ಹೇಳಬೇಕು? ಅಂಗನವಾಡಿಯಿಂದಲೇ ದೇಹದ ಎಲ್ಲ ಭಾಗಗಳಿಗೂ ಹೆಸರು ಕಲಿಸಿ. ಯಾರು ಎಲ್ಲಿ ಮುಟ್ಟಬಾರದು, ಮುಟ್ಟಿದರೆ ಯಾರಿಗೆ ಹೇಳಬೇಕು ಎಂಬುದನ್ನು ಹೇಳಿ. ಮೈನೆರೆಯುವ ಮೊದಲೇ ಮುಟ್ಟಿನ ಬಗ್ಗೆ ಹೇಳಿ, ರಕ್ತ ಕಂಡು ಹೆದರಿ ಅತ್ತ ಮೇಲಲ್ಲ. ಎಂಟು, ಒಂಬತ್ತರ ಹೊತ್ತಿಗೆ ಎಚ್‌ಐವಿಯ ವಿಷಯವನ್ನು ವಿಜ್ಞಾನವಾಗಿ ಹೇಳಿ. ರಕ್ತ, ವೀರ್ಯ, ಯೋನಿಯ ಸ್ರಾವ, ಎದೆಹಾಲು, ಹರಡುವುದು ಮುಖ್ಯವಾಗಿ ಇವುಗಳ ಮೂಲಕ. ಸೊಳ್ಳೆಯ ದೇಹದಲ್ಲಿ ಈ ವೈರಸ್ ಬೆಳೆಯಲಾರದು, ಸೊಳ್ಳೆ ಕಚ್ಚಿದಾಗ ನಮ್ಮೊಳಗೆ ಬಿಡುವುದು ತನ್ನ ಎಂಜಲನ್ನು, ಹಿಂದೆ ಕುಡಿದ ರಕ್ತವನ್ನಲ್ಲ. ಕಾರಣ ಹೇಳಿದರೆ ಮಗು ಮರೆಯುವುದಿಲ್ಲ. ‘ಸೊಳ್ಳೆಯಿಂದ ಬರುವುದಿಲ್ಲ’ ಎಂದು ಬರೀ ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಮೇಲೆ ನೆನಪಿರುವುದಿಲ್ಲ.

ಚಿಕಿತ್ಸೆಯ ಮಾತನ್ನು ತಡೆಯ ಮಾತಿನ ಜೊತೆಗೇ ಹೇಳಿ, ಇದನ್ನು ನಾನು ಒತ್ತಿ ಹೇಳುತ್ತೇನೆ. ಸೋಂಕಿತ ತಾಯಿಗೆ ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಮಗುವಿಗೆ ಹರಡುವ ಸಾಧ್ಯತೆ ಶೇ. 15ರಿಂದ 45. ಸರಿಯಾಗಿ ಚಿಕಿತ್ಸೆ ಪಡೆದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ದಿನಕ್ಕೊಂದು ಮಾತ್ರೆ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಅತ್ಯಾಚಾರವೋ ಸೂಜಿ ಚುಚ್ಚುವುದೋ ಆದಾಗ 72 ಗಂಟೆಯೊಳಗೆ ಆಸ್ಪತ್ರೆಗೆ ಬಂದರೆ 28 ದಿನಗಳ ಮಾತ್ರೆಯಿಂದ ಸೋಂಕು ತಡೆಯಲು ಸಾಧ್ಯ. ನಮ್ಮ ಎಷ್ಟು ಶಿಕ್ಷಕರಿಗೆ, ಎಷ್ಟು ಪೊಲೀಸರಿಗೆ ಈ 72 ಗಂಟೆಯ ವಿಷಯ ಗೊತ್ತಿದೆ? ದೌರ್ಜನ್ಯಕ್ಕೊಳಗಾದ ಮಗುವನ್ನು ಪಂಚಾಯಿತಿ, ರಾಜಿ ಎಂದು ನಾಲ್ಕು ದಿನ ಮನೆಯಲ್ಲಿಟ್ಟುಕೊಂಡು ಐದನೆಯ ದಿನ ಆಸ್ಪತ್ರೆಗೆ ತಂದಾಗ ನನಗಾದ ಸಂಕಟವನ್ನು ಹೇಳಲಾರೆ.

ಕಾನೂನಿನ ಮಾತೂ ಇಲ್ಲಿ ಬರಬೇಕು. 2012ರ ಪೋಕ್ಸೊ ಕಾನೂನಿನಡಿ ಹದಿನೆಂಟರ ಕೆಳಗಿನವರ ಮೇಲಿನ ಲೈಂಗಿಕ ಅಪರಾಧ ತಿಳಿದವರು ವರದಿ ಮಾಡಲೇಬೇಕು. ಮಕ್ಕಳ ರಕ್ಷಣೆಗೆ ಅದು ಬೇಕಾದದ್ದೇ. ಅದರ ಇನ್ನೊಂದು ಮುಖ, ಪರಸ್ಪರ ಒಪ್ಪಿ ಓಡಿಹೋದ ಹದಿನೇಳರ ಹುಡುಗಿ ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆಗೆ ಬರುವುದಿಲ್ಲ, ಕಳ್ಳ ಗರ್ಭಪಾತಕ್ಕೆ ಹೋಗುತ್ತಾಳೆ. 2022ರಲ್ಲಿ ಸುಪ್ರೀಂ ಕೋರ್ಟು, ಅಪ್ರಾಪ್ತೆಯ ಗರ್ಭಪಾತದ ವೇಳೆ ಅವಳೂ ಪಾಲಕರೂ ಕೋರಿದರೆ ವೈದ್ಯರು ಹೆಸರು ಬಹಿರಂಗಪಡಿಸಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಒಂಬತ್ತನೆಯ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊ ಕಾನೂನನ್ನು ತಿಳಿಸಬೇಕೆಂದು ಶಿಕ್ಷಣ ಇಲಾಖೆಗೆ ಸೂಚಿಸಿತು. ದೇಹದ ಬಗ್ಗೆ ಏನೂ ಹೇಳದೆ ದೇಹದ ಮೇಲಿನ ಅಪರಾಧದ ಶಿಕ್ಷೆಯನ್ನಷ್ಟೇ ಹೇಳಿದರೆ ಮಕ್ಕಳು ಹೆದರಿ ಇನ್ನಷ್ಟು ಮುಚ್ಚಿಡುತ್ತಾರೆ. ಎರಡನ್ನೂ ಒಟ್ಟಿಗೆ ಕಲಿಸಬೇಕು.

ಈ ಕಲಿಕೆ ಒಂದು ಯೋಜನೆಯಾಗಿ ಬಂದರೆ ಸಾಲದು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ‘ಸಮತಾ’ ಎಂಬ ಪ್ರಯೋಗ ನಡೆಯಿತು. ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರು ಪ್ರೌಢಶಾಲೆ ಮುಗಿಸಲಿ, ಬೇಗ ಮದುವೆಯಾಗದಿರಲಿ ಎಂದು ಹುಡುಗಿಯರು, ಹುಡುಗರು, ಪಾಲಕರು, ಶಿಕ್ಷಕರ ಜೊತೆ ಕೆಲಸ ಮಾಡಿದರು. ಕೊನೆಗೆ ಲೆಕ್ಕ ಹಾಕಿದಾಗ ಕಾರ್ಯಕ್ರಮವಿದ್ದ ಹಳ್ಳಿಗಳಿಗೂ ಇಲ್ಲದ ಹಳ್ಳಿಗಳಿಗೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಪ್ರಾಮಾಣಿಕವಾಗಿ ಅದನ್ನು ಪ್ರಕಟಿಸಿದರು. ನನಗೆ ಇದರಿಂದ ನಿರಾಸೆಯಾಗಲಿಲ್ಲ. ಆ ಅವಧಿಯಲ್ಲಿ ಎರಡೂ ಕಡೆಯ ಹಳ್ಳಿಗಳಲ್ಲಿ ಹುಡುಗಿಯರು ಮೊದಲಿಗಿಂತ ಹೆಚ್ಚು ಓದುತ್ತಿದ್ದರು. ಒಂದು ಯೋಜನೆಯ ಕೆಲವು ಸಭೆಗಳಿಗಿಂತ ಶಾಲೆ, ಸೈಕಲ್ಲು, ಬಸ್ಸು, ಹಾಸ್ಟೆಲ್ಲುಗಳ ಕೈ ದೊಡ್ಡದೆಂದು ನಾನು ಅದನ್ನು ಓದಿಕೊಂಡೆ. ಲೈಂಗಿಕ ಆರೋಗ್ಯದ ಪಾಠವೂ ಯೋಜನೆಯಾಗಿ ಬಂದು ಹೋಗಬಾರದು. ದಿನನಿತ್ಯದ ಶಾಲೆಯ ಭಾಗವಾಗಬೇಕು.

ದಾರಿ ಈಗಾಗಲೇ ಅರ್ಧ ತೆರೆದಿದೆ. 2020ರಲ್ಲಿ ಆಯುಷ್ಮಾನ್ ಭಾರತದಡಿ ಬಂದ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆಯೂ ಒಂದು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದರೆ ಒಬ್ಬ ಶಿಕ್ಷಕ ಮತ್ತು ಒಬ್ಬ ಶಿಕ್ಷಕಿಗೆ, ಇದರ ತರಬೇತಿ ಕೊಡಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇದೆ, ಎಚ್‌ಐವಿ ಪರೀಕ್ಷೆ, ಸಮಾಲೋಚನೆಯ ಐಸಿಟಿಸಿ ಕೇಂದ್ರದಲ್ಲಿ ಆಪ್ತಸಮಾಲೋಚಕರಿದ್ದಾರೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿವೆ. ಶಾಲೆಯ ಶಿಕ್ಷಕಿಗೆ ತಾಲ್ಲೂಕಿನ ಆಪ್ತಸಮಾಲೋಚಕಿಯ ಮುಖಪರಿಚಯವೇ ಇರುವುದಿಲ್ಲ. ಮುಧೋಳದಲ್ಲಿ ಕೆಲಸ ಆದದ್ದು ಪಾಠ, ಕ್ಲಿನಿಕ್ಕು, ಠಾಣೆ ಮೂರನ್ನೂ ಒಬ್ಬಳೇ ಗೆಳತಿ ಜೋಡಿಸಿದ್ದರಿಂದ. ಶಾಲೆಯಲ್ಲೂ ಅಂಥ ಒಬ್ಬರು ಬೇಕು. ಚೀಟಿಯಲ್ಲಿ ‘ಮಾವ ಮುಟ್ಟತಾನ’ ಎಂದು ಬರೆದ ಮಗುವನ್ನು ಕೈಹಿಡಿದು ಕರೆದುಕೊಂಡು ಹೋಗುವವರು.

ನಿಮ್ಮ ತರಗತಿಯಲ್ಲೇ ಎಚ್‌ಐವಿಯೊಂದಿಗೆ ಬದುಕುತ್ತಿರುವ ಮಗು ಇರಬಹುದು. ಹುಟ್ಟಿನಿಂದ ಸೋಂಕು ಪಡೆದು, ಮಾತ್ರೆ ನುಂಗುತ್ತ ಹೈಸ್ಕೂಲಿಗೆ ಬಂದ ಮಕ್ಕಳು ಈಗ ಸಾಕಷ್ಟಿದ್ದಾರೆ. ಅವರು ಓದುತ್ತಾರೆ, ಆಡುತ್ತಾರೆ, ಮುಂದೆ ಮದುವೆಯಾಗಿ ಸೋಂಕಿಲ್ಲದ ಮಕ್ಕಳನ್ನೂ ಹೆರಬಲ್ಲರು. ಅವರ ವಿಷಯ ನಿಮಗೆ ತಿಳಿಯಲೇಬೇಕೆಂದಿಲ್ಲ, ತಿಳಿದರೆ ಸ್ಟಾಫ್ ರೂಮಿನಲ್ಲಿ ಅದು ಬಾಯಿಂದ ಬಾಯಿಗೆ ಹೋಗಬಾರದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಿರುವುದು, ಬೇರೆ ಕೂರಿಸುವುದು, ಗುಟ್ಟು ಬಯಲು ಮಾಡುವುದು ಇವೆಲ್ಲ ಅದರಡಿ ತಪ್ಪು. ತಲೆಬುರುಡೆಯ ಚಿತ್ರ ತೋರಿಸಿ ಎಚ್‌ಐವಿ ಪಾಠ ಮಾಡುವ ಶಿಕ್ಷಕರು, ಮೂರನೆಯ ಬೆಂಚಿನಲ್ಲಿ ಕೂತು ಆ ಪಾಠ ಕೇಳುತ್ತಿರಬಹುದಾದ ಆ ಮಗುವನ್ನು ನೆನೆಯಬೇಕು. ಸಲಿಂಗ ಆಕರ್ಷಣೆಯ ಹುಡುಗ, ತಾನು ಹುಡುಗಿಯೆಂದು ಅನ್ನಿಸುವ ಹುಡುಗನೂ ಅದೇ ಕೋಣೆಯಲ್ಲಿರಬಹುದು. 2018ರಲ್ಲಿ ಸುಪ್ರೀಂ ಕೋರ್ಟು ಪ್ರಾಪ್ತವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಹೇಳಿದೆ. ತರಗತಿಯ ಗೇಲಿ ಇನ್ನೂ ನಿಂತಿಲ್ಲ, ಆ ಗೇಲಿ ತಾಳಲಾರದೆ ಶಾಲೆ ಬಿಟ್ಟವರೇ ಮುಂದೆ ಹೆಚ್ಚು ಅಪಾಯದ ಬದುಕಿಗೆ ಬೀಳುತ್ತಾರೆ.

ಇಲ್ಲಿ ಕುಳಿತಿರುವ ಬಿ.ಎಡ್. ವಿದ್ಯಾರ್ಥಿಗಳಲ್ಲಿ ಒಂದು ಮನವಿ. ಪಾಠ ಅಭ್ಯಾಸಕ್ಕೆ ಹೋಗುವಾಗ ನಿಮ್ಮಲ್ಲಿ ಕೆಲವರಾದರೂ ಹತ್ತನೆಯ ತರಗತಿಯ ಆ ಸಂತಾನೋತ್ಪತ್ತಿಯ ಪಾಠವನ್ನೇ ಆರಿಸಿಕೊಳ್ಳಿ. ಪುಟ ತಿರುಗಿಸದೆ ಪೂರ್ತಿ ಮಾಡಿ. ಮೊದಲ ಸಲ ಗಂಟಲು ಒಣಗುತ್ತದೆ, ಹುಡುಗರು ಮುಸಿಮುಸಿ ನಗುತ್ತಾರೆ. ಹತ್ತು ನಿಮಿಷದ ನಂತರ ನಗು ನಿಂತು ಪ್ರಶ್ನೆಗಳು ಶುರುವಾಗುತ್ತವೆ. ಪಾಠಕ್ಕೆ ಮುಂಚೆ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯ ಸಭೆ ಕರೆದು ತಾಯಂದಿರಿಗೆ ಅದನ್ನೇ ಒಮ್ಮೆ ಹೇಳಿನೋಡಿ. ನನ್ನ ಅನುಭವದಲ್ಲಿ ತಾಯಂದಿರು ವಿರೋಧಿಸಿದ್ದು ಕಡಿಮೆ, ‘ನಮಗೂ ಯಾರೂ ಹೇಳಿರಲಿಲ್ಲವ್ವಾ’ ಎಂದು ಇನ್ನೊಂದು ತಾಸು ಕೂತದ್ದೇ ಹೆಚ್ಚು.

ಈ ದತ್ತಿಯನ್ನಿಟ್ಟ ಮನೆತನದ ಹಿರಿಯರಲ್ಲೂ ಒಂದು ಕೇಳಿಕೆ ಇದೆ. ನಾನು ಶಾಲೆಗಳಿಂದ ತಂದ ಆ ಚೀಟಿಗಳ ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿಟ್ಟಿದ್ದೇನೆ. ಪ್ರತಿ ಪ್ರಶ್ನೆಗೂ ಸರಳ ಕನ್ನಡದಲ್ಲಿ ಉತ್ತರ ಬರೆದುಕೊಡುತ್ತೇನೆ, ಸಂಭಾವನೆ ಬೇಡ. ಮುಂದಿನ ವರ್ಷದ ದತ್ತಿಯ ಬಡ್ಡಿಯಲ್ಲಿ ಅದನ್ನು ಚಿಕ್ಕ ಪುಸ್ತಕವಾಗಿ ಅಚ್ಚು ಹಾಕಿಸಿ ಈ ಜಿಲ್ಲೆಯ ಪ್ರೌಢಶಾಲೆಗಳಿಗೆ ಕಳಿಸೋಣ. ಹಿಂಬದಿಯ ರಕ್ಷಾಪುಟದಲ್ಲಿ 1097 ಸಂಖ್ಯೆ, ಮಕ್ಕಳ ಸಹಾಯವಾಣಿ 1098, ಮತ್ತು ಪ್ರತಿ ತಾಲ್ಲೂಕಿನ ಸ್ನೇಹ ಕ್ಲಿನಿಕ್ ಯಾವ ಕೋಣೆಯಲ್ಲಿದೆ, ಯಾವ ದಿನ ತೆರೆದಿರುತ್ತದೆ ಎಂಬ ವಿವರ ಇರಲಿ. ಆ ಕೋಣೆಗಳಿಗೆ ಹೋಗಿ ನೋಡಿ ವಿವರ ತರುವ ಕೆಲಸಕ್ಕೆ ಈ ವಿದ್ಯಾರ್ಥಿಗಳಲ್ಲಿ ಯಾರು ಯಾರು ಬರುತ್ತೀರೆಂದು ಸಭೆ ಮುಗಿದ ಕೂಡಲೇ ಹೆಸರು ಕೊಡಿ.